ನೆಲಕ್ಕೆ ಎರಡು ತಟ್ಟು

ನನ್ನ ತಂಗಿಗೆ ನಾನು ಇಪ್ಪತ್ತೆರಡು ವರ್ಷ ಹೊಡೆದಿದ್ದೀನಿ. ವಾರಕ್ಕೆ ಮೂರು ಸಲ, ಸೀಸನ್ ಬಂತು ಅಂದ್ರೆ ದಿನಕ್ಕೆರಡು ಸಲ. ಕಪಾಳಕ್ಕೆ, ಬೆನ್ನಿಗೆ, ಮಂಡಿಯ ಹಿಂದೆ, ನಡುನೆತ್ತಿಗೆ. ಬರಿಗೈಯಲ್ಲಿ, ದಪ್ಪ ಫೈಲಿನಲ್ಲಿ, ಹಲಗೆಯಲ್ಲಿ, ಒಂದು ವರ್ಷ ಪೂರ್ತಿ ಕೊಡೆಯಲ್ಲಿ. ಅಷ್ಟು ಹೊಡೆದರೂ ಅವಳ ಮೈಮೇಲೆ ಒಂದೇ ಒಂದು ಬರೆ ಎದ್ದಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲಿನದು ಕೇಳಿದ ಮೇಲೆ ನೀವು ಇದನ್ನ ನಂಬಲ್ಲ.

ಹೊಡೆಯೋದು ಯಾರಿಗೆ ಬರಲ್ಲ ಹೇಳಿ? ಕೈ ಇದ್ದರೆ ಸಾಕು. ಹೊಡೆದ ಹಾಗೆ ಕಾಣಬೇಕು, ಹೊಡೆದ ಹಾಗೆ ಕೇಳಬೇಕು, ಪೆಟ್ಟು ಮಾತ್ರ ಬೀಳಬಾರದು, ಅದು ಕಸುಬು. ಕಪಾಳಕ್ಕೆ ಬೀಸಿದಾಗ ನನ್ನ ಕೈ ಅವಳ ಮೂಗಿನಿಂದ ನಾಲ್ಕು ಬೆರಳು ಆಚೆ ಹೋಗುತ್ತೆ. ಅದೇ ಗಳಿಗೆಗೆ ಅವಳು ಸೊಂಟದ ಹತ್ತಿರ ಚಪ್ಪಾಳೆ ತಟ್ಟಿ ಮುಖ ತಿರುಗಿಸ್ತಾಳೆ. ಹಲಗೆ ಅಂದ್ರೆ ಎರಡು ತೆಳು ಪಟ್ಟಿ, ಹಿಡಿಯ ಹತ್ತಿರ ಕಟ್ಟಿರುತ್ತೆ, ನಡುವೆ ಸಂದು. ಅಗಲ ಭಾಗ ಮೈಗೆ ತಾಗಿದರೆ ಎರಡೂ ಪಟ್ಟಿ ಬಡಿದುಕೊಂಡು ಪಟಾರ್ ಅನ್ನುತ್ತೆ, ಮೈಗೆ ನೊಣ ಕೂತಷ್ಟೂ ಗೊತ್ತಾಗಲ್ಲ. ಅಂಚು ತಿರುಗಿತೋ, ಕತೆ ಬೇರೆ.

ಇದನ್ನೆಲ್ಲ ಕಲಿಸಿದ್ದು ನಮ್ಮಪ್ಪ. ಅವನೂ ವೇದಿಕೆ ಮೇಲೆ ಬಿದ್ದು ಎದ್ದು ಜನರನ್ನ ನಗಿಸಿದವನೇ. ಮನೆಯಲ್ಲೂ ಹೊಡೀತಿದ್ದ, ಅಲ್ಲಿ ಕಸುಬು ಗಿಸುಬು ಏನೂ ಇರಲಿಲ್ಲ, ಬರೀ ಪೆಟ್ಟು. ಅಭ್ಯಾಸದಲ್ಲಿ ನನ್ನ ಕೈ ತಂಗಿಗೆ ತಾಗಿದರೆ ಅದೇ ಏಟು ಅದೇ ಜಾಗಕ್ಕೆ ನನಗೆ ನಿಜವಾಗಿ ಕೊಡ್ತಿದ್ದ. ಆರು ತಿಂಗಳಲ್ಲಿ ಕಲಿತೆ, ಕಲೀದೆ ಏನು ಮಾಡ್ತೀರಿ? ಅವನು ಹೇಳಿಕೊಟ್ಟ ಇನ್ನೊಂದು ವಿಷಯ ಅಂದ್ರೆ ತಟ್ಟು. ನಿಜವಾಗಿ ನೋವಾದರೆ ಪೆಟ್ಟು ತಿನ್ನೋರು ನೆಲಕ್ಕೆ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಹೊಡೆಯೋರ ಕೈ ನಿಂತುಬಿಡಬೇಕು. "ಎದುರಿಗೆ ರಾಜನೇ ಕೂತಿರಲಿ, ಎರಡು ತಟ್ಟು ಬಿತ್ತು ಅಂದ್ರೆ ಆಟ ಅಲ್ಲಿಗೆ ಮುಗೀತು," ಅಂತಿದ್ದ. ಆ ಮನುಷ್ಯನ ಬಾಯಿಂದ ಬಂದ ಒಳ್ಳೆ ಮಾತು ಅಂದ್ರೆ ಅದೊಂದೇ.

ತಂಗಿಯನ್ನ ಎಲ್ಲರೂ ಪುಟ್ಟಿ ಅಂತಾರೆ. ಮೂವತ್ತೈದಾದರೂ ಪುಟ್ಟಿಯೇ. ಹೋದ ವರ್ಷ ಒಂದು ಶಾಲೆಯ ಸಿಮೆಂಟು ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದು ಕತ್ತು ಉಳುಕಿಸಿಕೊಂಡಳು. ಮೂರು ವಾರ ಕತ್ತಿಗೆ ಪಟ್ಟಿ. ಎಲುಬಿನ ಡಾಕ್ಟರು ಎಕ್ಸ್‌ರೇ ಫೋಟೋ ದೀಪಕ್ಕೆ ಹಿಡಿದು, "ಇಲ್ಲಿ ನೋಡಿ, ಇದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಕೈಕಾಲು ಹೋಗುತ್ತೆ. ನಾನು ಹೆದರಿಸ್ತಿಲ್ಲ, ಇದ್ದದ್ದು ಹೇಳ್ತಿದ್ದೀನಿ," ಅಂದರು. ಅಂದಿನಿಂದ ಅವಳು ಬೀಳುವಾಗೆಲ್ಲ ನನ್ನ ಎಡಗೈ ಅವಳ ಕತ್ತಿನ ಹಿಂದೆ. ಬಲಗೈ ಹೊಡೆಯೋದು ಜನಕ್ಕೆ ಕಾಣುತ್ತೆ, ಎಡಗೈ ಕಾಯೋದು ಕಾಣಲ್ಲ. ಅವಳ ಗಂಡ ದರ್ಜಿ. ಅವನು ಅವಳ ಕಾಲರಿನೊಳಗೆ ಎರಡು ಪದರ ಸ್ಪಂಜು ಹೊಲಿದ. "ಅಕ್ಕಾ, ನಿಮ್ಮ ಕೈ ಇದೆ ಅನ್ನೋ ಧೈರ್ಯದ ಮೇಲೆ ಕಳಿಸ್ತಿದ್ದೀನಿ," ಅಂದ. ಪಾಪ, ಮೆತ್ತಗಿನ ಮನುಷ್ಯ.

ಆ ಹೊತ್ತಿಗೆ ಕಲಾ ಉತ್ಸವದ ಸುದ್ದಿ ಬಂತು. ನೋವಿನ ಮುಲಾಮು ಮಾಡೋ ಕಂಪನಿಯೊಂದು ಹಾಸ್ಯಕ್ಕೆ ಪ್ರಶಸ್ತಿ ಇಟ್ಟಿತ್ತು. ಮೂರು ಸುತ್ತು. ಗೆದ್ದವರಿಗೆ ಒಂದು ವರ್ಷ ಒಂದು ಪುಟ್ಟ ರಂಗಮಂದಿರ ಪೂರ್ತಿ ಕೈಗೆ ಕೊಡ್ತಾರಂತೆ. ಬೇರೆಯವರಿಗೆ ಕಲಿಸಬಹುದು, ಬೇರೆಯವರನ್ನ ಬೀಳಿಸಬಹುದು, ಪುಟ್ಟಿ ಇನ್ನು ಬೀಳೋದೇ ಬೇಡ. "ಮೂರೇ ಮೂರು ಸಲ ಬೀಳು, ಆಮೇಲೆ ಕುರ್ಚಿ ಮೇಲೆ ಕಾಲು ಮೇಲೆ ಕಾಲು ಹಾಕ್ಕೊಂಡು ಕೂತ್ಕೋ," ಅಂದೆ. "ಆಯ್ತು ದೊರೆಸಾನಿ," ಅಂತ ನಕ್ಕಳು.

ಉತ್ಸವದ ಬಯಲು ಪೂರ್ತಿ ಡೇರೆ. ಒಂದರಲ್ಲಿ ಚಿತ್ರ, ಒಂದರಲ್ಲಿ ಕವಿಗಳು, ಇನ್ನೊಂದರಲ್ಲಿ ಯಾರೋ ಮೂರು ಗಂಟೆ ಕದಲದೆ ನಿಂತಿದ್ದ, ಅದೂ ಕಲೆಯಂತೆ. ನಮ್ಮದು ದೊಡ್ಡ ಸಭಾಂಗಣ. ಬಾಗಿಲಲ್ಲೇ ಕಂಪನಿಯವರು ಬಂದವರಿಗೆಲ್ಲ ಚಿಕ್ಕ ಚಿಕ್ಕ ಮುಲಾಮಿನ ಡಬ್ಬಿ ಹಂಚ್ತಿದ್ದರು, ಒಳಗೆ ಕಣ್ಣುರಿಯೋ ಘಾಟು. ಮಾಡಿನಿಂದ ಮೈಕುಗಳು ನೇತಾಡ್ತಿದ್ದವು, ನಗುವನ್ನ ಅಳೆಯೋಕೆ. ವೇದಿಕೆಯ ನೆತ್ತಿ ಮೇಲೆ ಕಪ್ಪು ಹಲಗೆ, ಅದರಲ್ಲಿ ಕೆಂಪು ಅಂಕಿ. ಜನ ನಕ್ಕರೆ ಅಂಕಿ ಏರುತ್ತೆ. ತೀರ್ಪುಗಾರರು ಮೂವರಿದ್ದರು, ಆದರೆ ಅವರೂ ಕತ್ತೆತ್ತಿ ಆ ಅಂಕಿಯನ್ನೇ ನೋಡ್ತಿದ್ದರು. ಥೂ, ನಗು ಅಳೆಯೋಕೆ ಯಂತ್ರ ಅಂತೆ.

ನಮ್ಮ ಆಟ ಆಫೀಸಿನದು. ನಾನು ದೊಡ್ಡ ಸಾಹೇಬಿಣಿ, ಕೋಟು ಹಾಕ್ಕೊಂಡಿರ್ತೀನಿ. ಅವಳು ಗುಮಾಸ್ತೆ. ನಾನು ಒಂದು ಫೈಲು ಕೇಳ್ತೀನಿ, ಅವಳು ಇನ್ನೊಂದು ತರ್ತಾಳೆ, ಏಟು ತಿಂತಾಳೆ. ಕೊನೆಗೆ ಬೀರುವಿನ ನೆತ್ತಿಯಿಂದ ಫೈಲು ತೆಗೆಯೋಕೆ ಮೇಜು ಹತ್ತಿ ಹಿಂದಕ್ಕೆ ಬೀಳ್ತಾಳೆ. ಹದಿನೆಂಟು ನಿಮಿಷ, ಏಳು ಏಟು, ಬೀಳೋದು ಒಂದು ಸಲ.

ಮೊದಲನೇ ಸುತ್ತು ದಾಟಿದ್ವಿ. ಎರಡನೇ ಸುತ್ತಿನಲ್ಲಿ ದೀಪದ ಕಾವಿಗೆ ನನ್ನ ಅಂಗೈ ಬೆವೆತು ಹಲಗೆ ತಿರುಗಿಬಿಡ್ತು. ಅಂಚು ಹೋಗಿ ಅವಳ ಕಿವಿಯ ಹಿಂದಿನ ಎಲುಬಿಗೆ ಬಡೀತು. ಚರ್ಮ ಸೀಳಿ ರಕ್ತ ಕಾಲರಿಗೆ ಇಳೀತು. ಪುಟ್ಟಿ ಮಂಡಿಯೂರಿ ನೆಲಕ್ಕೆ ತಟ್ಟಿದಳು, ಟಪ್ ಟಪ್. ನಾನು ಎತ್ತಿದ ಕೈ ಎತ್ತಿದ ಹಾಗೇ ನಿಂತೆ. ಅಷ್ಟು ಹೊತ್ತು ಅಬ್ಬರಿಸ್ತಿದ್ದ ಸಾಹೇಬಿಣಿ ಕಲ್ಲಾಗಿ ನಿಂತಿದ್ದು ಕಂಡು ಜನ ಹೋ ಅಂತ ನಕ್ಕರು. ಹೊಟ್ಟೆ ಹಿಡ್ಕೊಂಡು ನಕ್ಕರು. ಯಾರೋ ಕುರ್ಚಿಯಿಂದ ಕೆಳಗೇ ಬಿದ್ದರು. ಉತ್ಸವದಲ್ಲಿ ಅಲ್ಲಿವರೆಗೆ ಯಾರಿಗೂ ಬಾರದ ಅಂಕಿ ಬಂತು, ಫೈನಲಿಗೆ ದಾಟಿದ್ವಿ.

ಗ್ರೀನ್ ರೂಮಿನಲ್ಲಿ ನಾನು ಅವಳ ಕಿವಿಗೆ ಹತ್ತಿ ಒತ್ತಿ ಹಿಡಿದಿದ್ದಾಗ ಕಂಪನಿಯ ಪ್ರಚಾರದ ಹೆಂಗಸು ಬಂದಳು. ನಾನು ಅವಳಿಗೆ ಮುಲಾಮು ಮೇಡಂ ಅಂತ ಹೆಸರಿಟ್ಟಿದ್ದೆ. ರಕ್ತ ಕಂಡೂ ಕಾಣದ ಹಾಗೆ, "ಆ ಟಪ್ ಟಪ್ ಇದೆಯಲ್ಲ, ಅಬ್ಬಾ! ಫೈನಲಿನಲ್ಲಿ ಪ್ರತಿ ಏಟಿಗೂ ಅದನ್ನ ಇಡಿ," ಅಂದಳು.

"ಅದು ಆಟದ್ದಲ್ಲ ಮೇಡಂ, ಅದು ನಿಲ್ಲಿಸೋ ಗುರುತು. ಅದನ್ನ ಆಟಕ್ಕೆ ತರೋಕಾಗಲ್ಲ."

"ಯಂತ್ರ ಏನು ಹೇಳಿದೆ ಗೊತ್ತಲ್ಲ? ಅದಿಲ್ಲದೆ ಗೆಲ್ಲೋದು ಕಷ್ಟ. ನೀವೇ ಯೋಚನೆ ಮಾಡಿ."

ಅವಳು ಹೋದ ಮೇಲೆ ಪುಟ್ಟಿ, "ಇಡೋಣ ಬಿಡು ಅಕ್ಕ," ಅಂದಳು.

"ತಲೆ ಕೆಟ್ಟಿದೆಯಾ ನಿಂಗೆ? ಅದು ನಿನ್ನ ಪ್ರಾಣ ಕಣೇ!"

"ಬೇರೆ ಗುರುತು ಇಟ್ಕೊಂಡ್ರಾಯ್ತು. ನಿಜವಾಗ್ಲೂ ನೋವಾದ್ರೆ ನಿನ್ನ ಕೋಟಿನ ತೋಳು ಹಿಡಿದು ಎಳೀತೀನಿ. ಸಾಕಲ್ಲ? ಒಂದೇ ಒಂದು ಸಲ ಅಕ್ಕ. ಆಮೇಲೆ ಮುಗೀತಲ್ಲ."

ನಾನು ಕೂಗಾಡಿದೆ, ಕುರ್ಚಿ ಒದ್ದೆ, ಕೊನೆಗೆ ಒಪ್ಪಿದೆ. ಗೆಲ್ಲಬೇಕು ಅನ್ನೋ ಹುಳ ನನ್ನ ತಲೆಯಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಫೈನಲಿನ ದಿನ, ಗುರುವಾರ, ಬೆಳಿಗ್ಗೆ ತೋಳು ಎಳೆಯೋದನ್ನ ಹತ್ತು ಸಲ ಅಭ್ಯಾಸ ಮಾಡಿದ್ವಿ. ಇಪ್ಪತ್ತೆರಡು ವರ್ಷದಿಂದ ಮೈಗೆ ಹತ್ತಿದ್ದನ್ನ ಹತ್ತು ಸಲದಲ್ಲಿ ಮರೆಸೋಕೆ ಹೊರಟಿದ್ವಿ ನೋಡಿ.

ಆಟ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಎರಡೂ ಮುಕ್ಕಾಲಿಗೆ ನಾನು ಕೋಟಿನ ಗುಂಡಿ ಹಾಕ್ತಿದ್ದೆ. ಮುಲಾಮು ಮೇಡಂ ಸುರುಳಿ ಸುತ್ತಿದ ಕಾಗದ ತಂದು ಮೇಜಿನ ಮೇಲೆ ಬಿಡಿಸಿದಳು. ಆಳೆತ್ತರದ ಜಾಹೀರಾತು. ಪುಟ್ಟಿಯ ಮುಖ, ಒಂದು ಕೈ ಕತ್ತಿನ ಮೇಲೆ, ಇನ್ನೊಂದರಲ್ಲಿ ಡಬ್ಬಿ.

"ಹೇಗಿದೆ ಹೇಳಿ."

"ಚೆನ್ನಾಗಿದೆ. ನಾನೆಲ್ಲಿ?"

"ಒಪ್ಪಂದ ನಿಮ್ಮ ತಂಗಿ ಒಬ್ಬರದ್ದೇ ಅಲ್ವಾ? ಎರಡು ವರ್ಷದ್ದು. ಅವರು ಹೇಳಿಲ್ವಾ? ಸೋಮವಾರವೇ ಸೈನ್ ಆಯ್ತಲ್ಲ." ಅವಳಿಗೆ ನಿಜವಾಗಿಯೂ ಆಶ್ಚರ್ಯ. "ಜನಕ್ಕೆ ಬೇಕಾಗಿರೋದು ಪೆಟ್ಟು ತಿನ್ನೋ ಮುಖ. ನೀವು ಬೇಜಾರು ಮಾಡ್ಕೋಬೇಡಿ, ಹೊಡೆಯೋದಕ್ಕೆ ಯಾರಾದ್ರೂ ಆಗುತ್ತೆ."

ಯಾರಾದ್ರೂ ಆಗುತ್ತೆ! ನನ್ನ ಕಿವಿ ಕಾದುಹೋಯ್ತು. ಇಪ್ಪತ್ತೆರಡು ವರ್ಷ ನಾಲ್ಕು ಬೆರಳಿನ ಅಂತರ ಕಾಯ್ದುಕೊಂಡು ಬಂದವಳು ನಾನು. ಅಪ್ಪನ ಕೈಲಿ ನಿಜವಾದ ಏಟು ತಿಂದು ಅದನ್ನ ಕಲಿತವಳು ನಾನು. ಸೋಮವಾರದಿಂದ ಗುರುವಾರದವರೆಗೆ ಇವಳು ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದಾಳೆ, ಒಂದೇ ತಟ್ಟೆಯಲ್ಲಿ ಊಟ ಮಾಡಿದ್ದಾಳೆ, ಬಾಯಿ ಬಿಟ್ಟಿಲ್ಲ.

ಪುಟ್ಟಿ ಮುಖ ತೊಳೆದುಕೊಂಡು ಬಂದಳು. ಮೇಜಿನ ಮೇಲಿನ ಕಾಗದ ನೋಡಿದಳು, ನನ್ನ ನೋಡಿದಳು.

"ಸೈನ್ ಹಾಕಿದೀಯೇನೇ?"

"ಆಮೇಲೆ ಹೇಳ್ತೀನಿ ಅಕ್ಕ."

"ಹೌದೋ ಅಲ್ವೋ?"

ಗಂಟೆ ಹೊಡೀತು. "ಆಮೇಲೆ," ಅಂತ ಅವಳು ವೇದಿಕೆಗೆ ನಡೆದುಬಿಟ್ಟಳು.

ಮೊದಲನೇ ಕಪಾಳದೇಟಿಗೆ ನಾಲ್ಕು ಬೆರಳು ಇದ್ದದ್ದು ಒಂದಾಯ್ತು. ನನ್ನ ಉಗುರು ಅವಳ ಮೂಗಿನ ತುದಿ ಕೆರೀತು. ಅವಳು ಬೆಚ್ಚಿ ನನ್ನ ಕಡೆ ನೋಡಿ, ಮೊದಲೇ ಮಾತಾಡಿಕೊಂಡ ಹಾಗೇ ಕೂತು ನೆಲ ತಟ್ಟಿದಳು. ಜನ ನಕ್ಕರು. ಎರಡನೇದಕ್ಕೆ ಅಂತರವೇ ಇರಲಿಲ್ಲ. ಅಂಗೈ ಪೂರ್ತಿ ಕೆನ್ನೆಗೆ ಕೂತ್ಕೊಂಡ್ತು. ಅವಳು ಚಪ್ಪಾಳೆ ತಟ್ಟೋದನ್ನೇ ಮರೆತಳು, ಬೇಕಾಗಿಯೂ ಇರಲಿಲ್ಲ, ಕೆನ್ನೆಯೇ ಸದ್ದು ಮಾಡಿತ್ತು. ಅಬ್ಬಾ, ಎಷ್ಟು ಹಿತವಾಯ್ತು ಗೊತ್ತಾ? ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ, ತುಂಬ ಹಿತವಾಯ್ತು.

ಫೈಲು ಎತ್ತಿಕೊಳ್ಳೋ ನೆಪದಲ್ಲಿ ಬಗ್ಗಿ ಅವಳ ಕಿವಿಯಲ್ಲಿ, "ಸೋಮವಾರವೇ?" ಅಂದೆ.

"ಅಕ್ಕ, ನೋಯ್ತಿದೆ. ಆಮೇಲೆ ಮಾತಾಡೋಣ," ಅಂದಳು ತುಟಿ ಅಲ್ಲಾಡಿಸದೆ.

ಮೂರನೇದು ಫೈಲಿನಿಂದ, ನೆತ್ತಿಗೆ. ಖಾಲಿ ರಟ್ಟಿನ ಫೈಲು, ಆದರೂ ಮೂಲೆಯಿಂದ ಕುಕ್ಕಿದೆ. ಅವಳ ಕಣ್ಣಲ್ಲಿ ನೀರು ಬಂತು. ಟಪ್ ಟಪ್. ಜನ ಈಗ ಅವಳ ತಟ್ಟಿಗೆ ಸರಿಯಾಗಿ ತಾವೂ ಕಾಲು ಬಡಿಯೋಕೆ ಶುರು ಮಾಡಿದ್ದರು. ನಾಲ್ಕನೇದಕ್ಕೆ ಹೊಟ್ಟೆಗೆ ಮಂಡಿ ಕೊಟ್ಟೆ. ಅದು ಆಟದಲ್ಲೇ ಇರಲಿಲ್ಲ. ಅವಳು ಮುದುಡಿಕೊಂಡಳು, ಉಸಿರು ಸಿಕ್ಕಿಹಾಕ್ಕೊಂಡು ಕ್ಞೀ ಅನ್ನೋ ಸದ್ದು ಬಂತು. ಅದಕ್ಕೂ ನಗು. ತಲೆ ಮೇಲಿನ ಕೆಂಪು ಅಂಕಿ ಕಾಣದಿದ್ದರೂ ಅದರ ಬೆಳಕು ಅವಳ ಬಿಳಿ ಅಂಗಿಯ ಮೇಲೆ ಏರೋದು ಕಾಣ್ತಿತ್ತು.

ಐದನೇದು ಹಲಗೆಯದು. ಎರಡನೇ ಸುತ್ತಿನಲ್ಲಿ ಅದು ತಿರುಗಿದ್ದು ಬೆವರಿಗೆ. ಈ ಸಲ ನನ್ನ ಅಂಗೈ ಒಣಗಿತ್ತು. ತಿರುಗಿಸಿದ್ದು ನಾನು. ಅಂಚು ಮಾಡಿ, ತೋಳು ಪೂರ್ತಿ ಎತ್ತಿ, ಕಾಲರಿನ ಮೇಲ್ಗಡೆ, ಸ್ಪಂಜು ಮುಗಿಯೋ ಜಾಗ ನೋಡಿ ಬಿಟ್ಟೆ.

ಪುಟ್ಟಿ ಮುಗ್ಗರಿಸಿ ಮಂಡಿಯೂರಿದಳು. ತಟ್ಟಿದಳು.

ಈಗ ಕೇಳಿ. ಆಟದ ತಟ್ಟು ಹೇಗಿರುತ್ತೆ ಅಂದ್ರೆ ಅಂಗೈ ಬಿಚ್ಚಿರುತ್ತೆ, ಮುಖ ಜನರ ಕಡೆ ಇರುತ್ತೆ, ಎರಡು ತಟ್ಟಿನ ನಡುವೆ ಒಂದು ಉಸಿರಿನ ಬಿಡುವು ಇರುತ್ತೆ. ಇಲ್ಲದಿದ್ದರೆ ನಗು ಬರಲ್ಲ. ಇದು ಹಾಗಿರಲಿಲ್ಲ. ಬೆರಳು ಮಡಚಿಕೊಂಡಿದ್ದವು. ಮುಖ ನೆಲದ ಕಡೆ. ಟಪಟಪ ಅಂತ ಒಂದರ ಮೇಲೊಂದು, ತಾಳವಿಲ್ಲ ಬಿಡುವಿಲ್ಲ. ಬಲಗೈ ನನ್ನ ಕೋಟಿನ ಕಡೆ ಏಳೋಕೆ ನೋಡಿ ಅರ್ಧಕ್ಕೆ ಬಂದು ಬಿದ್ದುಹೋಯ್ತು. ತೋಳು ಎಳೆಯಬೇಕು ಅನ್ನೋದು ಅವಳಿಗೆ ನೆನಪಿತ್ತು, ಆದರೆ ನೋವು ಬಂದಾಗ ಮೈ ಹಳೇ ಪಾಠವನ್ನೇ ಒಪ್ಪಿಸಿತು.

ಹೊಸ ಗುರುತು ಬರಲಿಲ್ಲ, ಹಳೇದು ಆಟದ ಪಾಲಾಗಿತ್ತು, ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಎಲ್ಲರೂ ಹೇಳಿದ್ದು ಇದನ್ನೇ. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಆರನೇ ಏಟು ಅವಳು ತಟ್ಟುತ್ತಿರುವಾಗಲೇ ಬಿತ್ತು. ಅದೇ ಜಾಗಕ್ಕೆ. ಆಮೇಲೆ ಕಾಲರು ಹಿಡಿದು ಎತ್ತಿ ಮೇಜಿನ ಮೇಲೆ ಎಸೆದೆ. ಅವಳು ಹತ್ತಿ ನಿಲ್ಲಬೇಕಿತ್ತು, ನಿಲ್ಲೋಕೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಮಂಡಿಯ ಮೇಲೆ ಎದ್ದು ತೂಗಾಡ್ತಾ ನನ್ನ ಕಡೆ ತಿರುಗಿದಳು. "ಅಕ್ಕ," ಅಂದಳು. ನಾನು ಎದೆಗೆ ಎರಡೂ ಕೈ ಕೊಟ್ಟು ತಳ್ಳಿದೆ. ಎರಡೂ ಕೈ. ಹಾಗಾಗಿ ಹಿಂದೆ ಹಿಡಿಯೋಕೆ ಕೈ ಇರಲಿಲ್ಲ. ಅವಳ ಕತ್ತು ಮೇಜಿನ ಆಚೆಗಿದ್ದ ಕುರ್ಚಿಯ ಬೆನ್ನಿಗೆ ಬಡೀತು. ಆ ಸದ್ದು ಸಣ್ಣದು. ನನ್ನೊಬ್ಬಳಿಗೇ ಕೇಳಿಸಿದ್ದು.

ಸಭಾಂಗಣ ಎದ್ದು ನಿಂತಿತು. ನನ್ನ ಕೋಪ ಆ ಸಣ್ಣ ಸದ್ದಿಗೇ ಇಳಿದುಹೋಗಿತ್ತು. ಮೇಜು ಸುತ್ತಿ ಹೋದರೆ ಪುಟ್ಟಿ ಅಂಗಾತ ಬಿದ್ದಿದ್ದಾಳೆ, ಕಣ್ಣು ತೆರೆದಿದೆ, ತುಟಿ ಅಲ್ಲಾಡ್ತಿದೆ, ಬೇರೇನೂ ಅಲ್ಲಾಡ್ತಿಲ್ಲ. ಬಾಯಿಯ ಮೂಲೆಯಿಂದ ರಕ್ತ. ಮೇಲೆ ಅಂಕಿ ಕೊನೆ ಮುಟ್ಟಿ ಮಿಣಮಿಣ ಹೊಡ್ಕೊಳ್ತಿದೆ. ಮಾಡಿನಿಂದ ಬಣ್ಣದ ಕಾಗದದ ಚೂರು ಉದುರ್ತಿದೆ.

ನಿರೂಪಕ ಮೈಕು ಹಿಡ್ಕೊಂಡು ಓಡಿ ಬಂದ. "ಈ ವರ್ಷದ ನಗೆ ಪ್ರಶಸ್ತಿ! ಅಕ್ಕ-ತಂಗಿ!" ಅಂತ ಕಿರುಚಿ, ಬಗ್ಗಿ, ಗೆದ್ದವರ ಕೈ ಎತ್ತಿ ತೋರಿಸೋಕೆ ಪುಟ್ಟಿಯ ಕೈ ಹಿಡಿದು ಎಳೆದ. ಅವಳ ತಲೆ ಒಂದು ಕಡೆಗೆ ವಾಲಿತು.

"ಮುಟ್ಟಬೇಡ್ವೋ ಅವಳನ್ನ!" ಅಂತ ಅವನ ಮುಖಕ್ಕೆ ಗುದ್ದಿದೆ. ಮೂಗಿನ ಎಲುಬು ನನ್ನ ಬೆರಳ ಕೆಳಗೆ ಪುಡಿಯಾಯ್ತು. ಅವನು ಕೂತ, ಜನ ಹೋ ಅಂದರು. ಆದರೂ ಅವನು ಅವಳ ಕೈ ಬಿಡದೆ ಹಿಡ್ಕೊಂಡೇ ಇದ್ದ, ಪಾಪಿ. ಕೆಳಗೆ ಬಿದ್ದಿದ್ದ ಹಲಗೆ ಎತ್ತಿ ಅವನ ಮಣಿಕಟ್ಟಿಗೆ ಬಿಟ್ಟೆ, ಹಲಗೆ ಎರಡು ತುಂಡಾಯ್ತು, ಅವನು ಊಳಿಟ್ಟ. ಚಪ್ಪಾಳೆ. "ಕತ್ತು ಮುರಿದಿದೆ! ನಿಜವಾಗಿ ಮುರಿದಿದೆ! ನಗಬೇಡ್ರೋ, ನಿಮ್ಮ ಮನೆ ಹಾಳಾಗ!" ಅಂತ ನಾನು ಎದೆ ಬಡ್ಕೊಂಡು ಕೂಗಿದೆ. ಸಾಹೇಬಿಣಿಯ ಕೋಟಿನಲ್ಲಿ ಎದೆ ಬಡ್ಕೊಂಡರೆ ಯಾರಿಗೆ ನಗು ಬರಲ್ಲ? ನಕ್ಕರು. ಮುಂದಿನ ಸಾಲಿನಲ್ಲಿ ಒಬ್ಬ ಕೂತಿದ್ದ, ಅವನ ಎದೆಗೆ ಒದ್ದೆ, ಅವನು ಕೆಮ್ಮಿಕೊಂಡೇ ನಗ್ತಿದ್ದ.

ಇಡೀ ಸಭಾಂಗಣದಲ್ಲಿ ನಗದೆ ಇದ್ದವನು ದರ್ಜಿ ಒಬ್ಬನೇ. ಮೂರನೇ ಸಾಲಿನಿಂದ ಕುರ್ಚಿಗಳ ಮೇಲೇ ಹತ್ತಿ ಬಂದ. ಹೆಂಡತಿಯ ಪಕ್ಕ ಕೂತು, ಎರಡೂ ಕೈಯಲ್ಲಿ ಅವಳ ತಲೆಯನ್ನ ಅಲುಗದ ಹಾಗೆ ಹಿಡ್ಕೊಂಡ. ಅವನು ಅಳ್ತಿದ್ದದ್ದು ಕಂಡ ಮೇಲೆ ಮುಂದಿನ ಸಾಲಿನವರು ನಗೋದು ನಿಲ್ಲಿಸಿದರು. ಹಿಂದಿನವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯ್ತು.

ಪುಟ್ಟಿ ಬದುಕಿದಳು. ಕತ್ತಿನ ಕೆಳಗೆ ಏನೂ ಇಲ್ಲ. ಆಸ್ಪತ್ರೆಗೆ ಪೊಲೀಸರು ಬಂದರು. ದರ್ಜಿಯೇ ಅವರಿಗೆ ತಟ್ಟಿನ ಕತೆ, ತೋಳಿನ ಕತೆ ಎಲ್ಲ ಬಿಡಿಸಿ ಹೇಳಿದ. "ಇವರ ತಪ್ಪಿಲ್ಲ ಸಾರ್, ಗುರುತು ಬದಲಾಗಿತ್ತು, ಇವರಿಗೆ ಹೇಗೆ ಗೊತ್ತಾಗಬೇಕು?" ಅವರು ಬರೆದುಕೊಂಡರು, ಆಕಸ್ಮಿಕ ಅಂತ. ನನ್ನ ಹೆಗಲು ತಟ್ಟಿ ಧೈರ್ಯ ಹೇಳಿ ಹೋದರು. ಮಾರನೇ ದಿನ ಮುಲಾಮು ಮೇಡಂ ಹೂಗುಚ್ಛ, ಮೊಳದುದ್ದದ ಗಾಜಿನ ಡಬ್ಬಿಯಂಥ ಪ್ರಶಸ್ತಿ ಹಿಡ್ಕೊಂಡು, ಜೊತೆಗೊಬ್ಬ ಫೋಟೋದವನನ್ನ ಕರ್ಕೊಂಡು ಬಂದಳು. ಪ್ರಶಸ್ತಿ ಕಿತ್ಕೊಂಡು ಅವಳ ಕಾಲಿಗೇ ಎಸೆದೆ. ಗಾಜು ಸಿಡಿದು ಅವಳ ಪಾದ ಸೀಳಿತು. ಅವಳ ಕೂದಲು ನನ್ನ ಮುಷ್ಟಿಯಲ್ಲಿತ್ತು, ಇಬ್ಬರು ವಾರ್ಡಿನವರು ಬಂದು ಬಿಡಿಸಿದರು. ಅವಳನ್ನ ಬಡಿದರೆ ನನ್ನ ಪಾಲು ಸ್ವಲ್ಪ ಕಮ್ಮಿ ಆಗುತ್ತೆ ಅನ್ನಿಸಿತ್ತು. ಆಗಲಿಲ್ಲ.

ಆರನೇ ದಿನ ಪುಟ್ಟಿಗೆ ಮಾತಾಡೋಕೆ ಬಿಟ್ಟರು. ತಲೆಯ ಎರಡು ಕಡೆ ಕಬ್ಬಿಣದ ಚೌಕಟ್ಟು, ಕಣ್ಣು ಮಾಡಿನ ಕಡೆ. ದರ್ಜಿ ಕಾಲಿನ ಹತ್ತಿರ ನಿಂತಿದ್ದ. ನಾನು ಅವಳಿಗೆ ಕಾಣೋ ಹಾಗೆ ಮುಖ ಬಗ್ಗಿಸಿದೆ.

"ಸೈನ್ ಹಾಕಿದ್ದು ಯಾಕೆ ಗೊತ್ತಾ?" ಅಂದಳು. ದನಿ ಸವೆದು ಹೋಗಿತ್ತು. "ಫೋಟೋಗೆ ಬೀಳೋದು ಬೇಡ, ನಿಂತ್ರೆ ಸಾಕು. ನಂಗೆ ಬೀಳೋಕೆ ಭಯ ಆಗ್ತಿತ್ತು ಅಕ್ಕ. ಗೆದ್ದರೂ ನೀನು ಇನ್ನೊಂದು ಆಟ, ಇನ್ನೊಂದೇ ಒಂದು ಆಟ ಅಂತೀಯ."

"ನನ್ನ ಹತ್ತಿರ ಹೇಳಬಾರದಿತ್ತಾ ಪುಟ್ಟಿ?"

"ನಿನ್ನ ಕೋಪ ಗೊತ್ತಲ್ಲ. ಹೊಡೆದುಬಿಡ್ತೀಯ ಅಂತ ಹೆದರಿಕೆ."

ಅವಳು ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ತಿಳೀಲಿಲ್ಲ.

"ಇವರು ದಿನಾ ಹೇಳ್ತಾರೆ, ಅಕ್ಕಂಗೆ ಗೊತ್ತಾಗ್ಲಿಲ್ಲ, ಅಕ್ಕಂಗೆ ಗೊತ್ತಾಗ್ಲಿಲ್ಲ ಅಂತ," ಅಂದಳು. "ಗೊತ್ತಾಗ್ಲಿಲ್ವಾ ಅಕ್ಕ?"

ದರ್ಜಿ ನನ್ನ ಮುಖ ನೋಡಿದ. ಪಾಪ, ಇಲ್ಲ ಅನ್ನಲಿ ಅಂತ ಅವನ ಕಣ್ಣೆಲ್ಲ ಬೇಡ್ತಿತ್ತು. ಇಲ್ಲ ಅಂದಿದ್ದರೆ ಮುಗೀತಿತ್ತು. ಪೊಲೀಸರು ಬರೆದಾಗಿತ್ತು, ಊರು ನಂಬಿಯಾಗಿತ್ತು. ದಿನಾ ಬಂದು ಅವಳಿಗೆ ಅನ್ನ ತಿನ್ನಿಸಬಹುದಿತ್ತು, ತಲೆ ಬಾಚಬಹುದಿತ್ತು, ಸಾಯೋವರೆಗೆ ನೋಡ್ಕೊಳ್ಳಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೈಯ ಒಂದು ಅಲುಗಾಟವನ್ನೂ ನಾನು ತಪ್ಪಾಗಿ ಓದಿರಲಿಲ್ಲ. ಅದು ಅವಳಿಗೂ ಗೊತ್ತು.

"ಗೊತ್ತಾಯ್ತು ಪುಟ್ಟಿ," ಅಂದೆ. "ಮೊದಲನೇ ತಟ್ಟಿಗೇ ಗೊತ್ತಾಯ್ತು. ಆಮೇಲೂ ಹೊಡೆದೆ."

ದರ್ಜಿ ಮೆಲ್ಲಗೆ ಸ್ಟೂಲಿನ ಮೇಲೆ ಕೂತುಬಿಟ್ಟ. ಪುಟ್ಟಿ ಕಣ್ಣು ಮುಚ್ಚಿದಳು. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆ ಹರೀತು. ಅದನ್ನ ಒರೆಸೋಕೆ ಅವಳಿಗೆ ಕೈ ಇರಲಿಲ್ಲ. ನಾನು ಒರೆಸೋಕೆ ಹೋದೆ.

"ಬೇಡ," ಅಂದಳು.

ಅಷ್ಟರಲ್ಲಿ ನರ್ಸು ಬಂದಳು. ಮೂರು ಗಂಟೆಗೊಮ್ಮೆ ಅವಳನ್ನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ. "ಇವತ್ತು ಜನ ಕಮ್ಮಿ. ಅಕ್ಕ ಅಲ್ವಾ ನೀವು? ಬನ್ನಿ, ಕತ್ತಿನ ಕಡೆ ಹಿಡ್ಕೊಳ್ಳಿ," ಅಂದಳು ನನಗೆ.

"ಅವಳು ಮುಟ್ಟೋದು ಬೇಡ," ಅಂದಳು ಪುಟ್ಟಿ. ಕಣ್ಣು ತೆರೀಲಿಲ್ಲ. "ಅವಳನ್ನ ಹೊರಗೆ ಕಳಿಸಿ ಸಿಸ್ಟರ್. ಇನ್ನು ಒಳಗೆ ಬಿಡಬೇಡಿ."

ನರ್ಸು ನನ್ನ ನೋಡಿದಳು, ದರ್ಜಿಯನ್ನ ನೋಡಿದಳು. ಅವನು ತಲೆ ತಗ್ಗಿಸಿದ್ದ. ನಾನು ಹೊರಗೆ ಬಂದೆ. ಬಾಗಿಲು ಮುಚ್ಚಿತು.

ಒಳಗೆ ನರ್ಸು ದರ್ಜಿಗೆ ಹೇಳಿಕೊಡ್ತಿದ್ದಳು, ಇಲ್ಲಿ ಕೈ ಇಡಿ, ಹಾಗಲ್ಲ, ಹೆಬ್ಬೆರಳು ಕೆಳಗೆ. ಅವನಿಗೆ ಬಟ್ಟೆ ಹಿಡಿದು ಗೊತ್ತೇ ಹೊರತು ಮೈ ಹಿಡಿದು ಗೊತ್ತಿಲ್ಲ. ಒಂದು, ಎರಡು, ಮೂರು ಅಂತ ಎಣಿಸಿದರು. ಪುಟ್ಟಿ ಕಿರುಚಿದಳು. ಇನ್ನೊಂದು ಸಲ, ಸರಿಯಾಗಲಿಲ್ಲ, ಅಂತ ನರ್ಸು ಅಂದಳು. ಮತ್ತೆ ಎಣಿಸಿದರು, ಮತ್ತೆ ಕಿರುಚಿದಳು. ನಾನು ಬಾಗಿಲ ಈಚೆ ನಿಂತು ಕೇಳಿಸಿಕೊಂಡೆ.